ಪೇರ್ ಬೋಡಾ?

1994ರ ಜೂನ್ ತಿಂಗಳಲ್ಲಿ ಸುಳ್ಯ ತಾಲ್ಲೂಕಿನ ಒಂದು ಹೈಸ್ಕೂಲಿಗೆ ಕನ್ನಡ ಅಧ್ಯಾಪಕಿಯಾಗಿ ಬಂದಿಳಿದಾಗ ನನ್ನ ಬಳಿ ಇದ್ದದ್ದು ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿ ಮತ್ತು ಬಿ.ಎ., ಬಿ.ಇಡಿ. ಮುಗಿಸಿದವಳೆಂಬ ಒಂದಿಷ್ಟು ಬಿಗುಮಾನ. ಕೊಡೆ ಇರಲಿಲ್ಲ. ನಮ್ಮ ಗದಗಿನ ಕಡೆಯವರು, ಆಗಿನ್ನೂ ಅದು ಧಾರವಾಡ ಜಿಲ್ಲೆಯೇ, ಜೂನ್ ತಿಂಗಳಲ್ಲಿ ಮುಗಿಲು ನೋಡುತ್ತಾ ಮಳೆಗಾಗಿ ಕಾಯುವವರು. ಮಳೆಗೆ ಹೆದರಿ ಕೊಡೆ ಹಿಡಿದು ಹೊರಡುವ ಅಭ್ಯಾಸ ನಮಗಿಲ್ಲ. ಬಸ್ಸಿನಿಂದ ಇಳಿದವಳು ಶಾಲೆಯ ಜಗಲಿ ಮುಟ್ಟುವ ಹೊತ್ತಿಗೆ ತೊಯ್ದು ತೊಪ್ಪೆಯಾಗಿದ್ದೆ.

ಮಳೆಗಿಂತ ಹೆಚ್ಚು ಕಂಗೆಡಿಸಿದ್ದು ಮಾತು. ದಾರಿ ಕೇಳಿದರೆ ತುಳುವಿನಲ್ಲಿ ಉತ್ತರ. ಬಾಡಿಗೆಯ ಕೋಣೆ ಕೊಟ್ಟ ಮನೆಯವರದು ಅರೆಭಾಷೆ. ಎದುರಿನ ತೋಟದವರದು ಹವ್ಯಕ ಕನ್ನಡ, ಅಂಗಡಿಯವರದು ಮಲಯಾಳ, ದರ್ಜಿಯದು ಕೊಂಕಣಿ. ಕನ್ನಡ ಕಲಿಸಲು ಬಂದವಳಿಗೆ ಕನ್ನಡನಾಡಿನಲ್ಲೇ ಬಾಯಿ ಕಟ್ಟಿದಂತಾಯಿತು. ಮೊದಲ ದಿನ ತರಗತಿಗೆ ಹೋಗಿ, ಎದ್ದು ನಿಂತ ಮಕ್ಕಳಿಗೆ ನಮ್ಮ ರೂಢಿಯಂತೆ "ಕೂಡ್ರಿ, ಕೂಡ್ರಿ" ಎಂದೆ. ಯಾರೂ ಕೂರಲಿಲ್ಲ. ಕಡೆಗೆ ಮುಂದಿನ ಬೆಂಚಿನ ಹುಡುಗನೊಬ್ಬ ಬಹಳ ವಿನಯದಿಂದ, "ಎಂತ ಕೂಡುವುದು ಟೀಚರ್?" ಎಂದು ಕೇಳಿದ. ಕನ್ನಡದ ಟೀಚರು ಲೆಕ್ಕ ಏಕೆ ಕೊಡುತ್ತಿದ್ದಾರೆಂದು ಅವನಿಗೆ ಗೊಂದಲ! ಅಂದಿನಿಂದ ನಾನು ಊರಿಗೆಲ್ಲ 'ಧಾರವಾಡ ಟೀಚರ್' ಆದೆ. ನನಗೊಂದು ಹೆಸರಿದೆಯೆಂಬುದು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎನ್ನುವ ಗಾದೆ ನಮ್ಮಲ್ಲಿದೆ. ನನ್ನ ಕೋಣೆಯಿಂದ ಸ್ವಲ್ಪ ಕೆಳಗೆ ರಬ್ಬರ್ ತೋಟದ ಕೆಲಸಗಾರರ ಲೈನ್ ಮನೆಗಳು. ಅಲ್ಲಿನ ಬೋರ್‌ವೆಲ್ಲೇ ನನಗೂ ಗತಿ. ಮೊದಲ ದಿನ ಕೊಡ ಹಿಡಿದು ದೂರ ನಿಂತಿದ್ದಾಗ ನಲ್ವತ್ತರ ಆಸುಪಾಸಿನ ಹೆಂಗಸೊಬ್ಬಳು ತನ್ನ ಕೊಡವನ್ನು ಬದಿಗೆ ಸರಿಸಿ, "ಬಲೆ ಟೀಚರ್, ಬಲೆ" ಎಂದಳು. ನನ್ನ ಭಾಷೆಯಲ್ಲಿ ಬಲೆಯೆಂದರೆ ಮೀನು ಹಿಡಿಯುವುದು. ತುಳುವಿನಲ್ಲಿ ಅದು ಗೌರವದಿಂದ 'ಬನ್ನಿ' ಎಂದು ಕರೆಯುವ ಮಾತು. ಕರೆದವಳು ತುಳುವಿನವಳೂ ಅಲ್ಲ, ತಮಿಳಿನವಳು. ಊರು ಅವಳನ್ನು 'ಸಿಲೋನ್ ಅಕ್ಕ' ಎನ್ನುತ್ತಿತ್ತು. ಧಾರವಾಡ ಟೀಚರಿಗೂ ಸಿಲೋನ್ ಅಕ್ಕನಿಗೂ ಗೆಳೆತನ ಬೆಳೆದದ್ದು ಹೀಗೆ, ಇಬ್ಬರದೂ ಅಲ್ಲದ ಭಾಷೆಯಲ್ಲಿ.

ಅವಳ ಕಥೆ ಸಣ್ಣದಲ್ಲ. ಬ್ರಿಟಿಷರು ಸಿಲೋನಿನ ಬೆಟ್ಟಗಳಲ್ಲಿ ಮೊದಲು ಕಾಫಿ, ಆಮೇಲೆ ಚಹಾ ಬೆಳೆಸಲು ತಮಿಳುನಾಡಿನಿಂದ ಕೂಲಿಗಳನ್ನು ಕರೆದೊಯ್ದರು. ನಾಲ್ಕೈದು ತಲೆಮಾರು ಅಲ್ಲೇ ಹುಟ್ಟಿ ಅಲ್ಲೇ ಮಣ್ಣಾದ ಮೇಲೆ, ಆ ದೇಶ ಸ್ವತಂತ್ರವಾದ ವರ್ಷವೇ, 1948ರ ಪೌರತ್ವ ಕಾಯ್ದೆಯಿಂದ, ಇವರಲ್ಲಿ ಬಹುಪಾಲು ಜನ ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರೂ ಸಿರಿಮಾವೋ ಬಂಡಾರನಾಯಿಕೆಯವರೂ ಕೂತು ಈ ಜನರನ್ನು ಲೆಕ್ಕ ಹಾಕಿ ಹಂಚಿಕೊಂಡರು. ಭಾರತಕ್ಕೆ 5,25,000, ಸಿಲೋನಿಗೆ 3,00,000. ಉಳಿದ 1,50,000 ಮಂದಿಯನ್ನು 1974ರ ಒಪ್ಪಂದ ಸರಿಪಾಲು ಮಾಡಿತು. ಬಂದವರಲ್ಲಿ ಹೆಚ್ಚಿನವರು ತಮಿಳುನಾಡಿಗೆ ಹೋದರು. ಕೆಲವರಿಗೆ ನಮ್ಮ ರಾಜ್ಯದ ಅರಣ್ಯ ಅಭಿವೃದ್ಧಿ ನಿಗಮ ಸುಳ್ಯ, ಪುತ್ತೂರು ಕಡೆಯ ತನ್ನ ರಬ್ಬರ್ ತೋಟಗಳಲ್ಲಿ ಕೆಲಸವನ್ನೂ ಮನೆಯನ್ನೂ ಕೊಟ್ಟಿತು. ಅಕ್ಕ ಗಂಡನೊಂದಿಗೆ, ಕಂಕುಳಲ್ಲಿ ಒಂದು ಕೂಸಿನೊಂದಿಗೆ 1976ರಲ್ಲಿ ಬಂದವಳು. ಚಹದ ಚಿಗುರು ಚಿವುಟಿ ಗೊತ್ತಿದ್ದ ಬೆರಳುಗಳು ಇಲ್ಲಿ ನಸುಕಿನಲ್ಲೆದ್ದು ರಬ್ಬರ್ ಮರದ ತೊಗಟೆಗೆ ಓರೆಯಾಗಿ ಗೀರು ಹಾಕುವುದನ್ನು ಕಲಿತವು.

ಬಂದ ಹೊಸತರಲ್ಲಿ ನಡೆದದ್ದನ್ನು ಅವಳೇ ಹೇಳಿ ನಗುತ್ತಿದ್ದಳು. ಕೆಳಗಿನ ಮನೆಯ ಹೆಂಗಸೊಬ್ಬರು ಬೆಳಿಗ್ಗೆ ಲೈನಿಗೆ ಹಾಲು ತರುತ್ತಿದ್ದರು. ಬಾಗಿಲಲ್ಲಿ ನಿಂತು, "ಪೇರ್ ಬೋಡಾ?" ಎಂದು ಕೇಳಿದರು. ತುಳುವಿನಲ್ಲಿ ಪೇರ್ ಎಂದರೆ ಹಾಲು. ಹಾಲು ಬೇಕೇ ಎಂಬ ಪ್ರಶ್ನೆ. ತಮಿಳಿನಲ್ಲಿ ಪೇರ್ ಎಂದರೆ ಹೆಸರು. ಅಕ್ಕ ತನ್ನ ಹೆಸರು ಹೇಳಿದಳು. ಆ ಹೆಂಗಸು ಸ್ವಲ್ಪ ಹೊತ್ತು ನಿಂತು ಹೋದರು. ಮರುದಿನ ಮತ್ತೆ "ಪೇರ್ ಬೋಡಾ?" ಮತ್ತೆ ಹೆಸರು. ಮೂರನೆಯ ದಿನವೂ ಹಾಗೆಯೇ. "ಈ ಊರಿನವರಿಗೆ ಎಷ್ಟು ಸಲ ಹೆಸರು ಹೇಳಿದರೂ ನೆನಪು ನಿಲ್ಲುವುದಿಲ್ಲವಲ್ಲ" ಎಂದು ಇವಳ ಚಿಂತೆ. "ಕೂಸು ಅಳುತ್ತಿದೆ, ಹಾಲು ಬೇಡವಂತೆ, ಎಂಥ ಠೇಂಕಾರದ ಹೆಂಗಸು" ಎಂದು ಅವರ ಚಿಂತೆ. ನಾಲ್ಕನೆಯ ದಿನ ಆ ಹೆಂಗಸು ಏನನ್ನಿಸಿತೋ, ಚೆಂಬನ್ನು ಬಗ್ಗಿಸಿ ಒಳಗಿನ ಹಾಲು ತೋರಿಸಿ ಮತ್ತೊಮ್ಮೆ ನಿಧಾನವಾಗಿ ಕೇಳಿದರು. "ಅಯ್ಯೋ, ಪಾಲ್!" ಎಂದಳು ಅಕ್ಕ. ಇಬ್ಬರೂ ಬಾಗಿಲಲ್ಲೇ ಕುಳಿತು ನಕ್ಕರಂತೆ.

ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಆ ನಾಲ್ಕನೆಯ ದಿನ. ಹಾಲಿನವರು ನಾಲ್ಕನೆಯ ದಿನ ಬಾರದೆ ಇರಬಹುದಿತ್ತು. ಚೆಂಬು ಬಗ್ಗಿಸದೆ ಇರಬಹುದಿತ್ತು. ಬಂದವರು ನಮ್ಮ ಭಾಷೆ ಕಲಿಯಬೇಕು ಎಂದು ನಾವು ಬಹಳ ಸುಲಭವಾಗಿ ಹೇಳುತ್ತೇವೆ. ಆದರೆ ಆ ಕಲಿಕೆಯಲ್ಲಿ ಅರ್ಧ ಕೆಲಸ ಮೊದಲಿನಿಂದ ಇದ್ದವರದು. ನಿಧಾನವಾಗಿ ಮಾತಾಡುವುದು, ತಪ್ಪಿದರೆ ನಗದಿರುವುದು ಅಥವಾ ಜೊತೆಗೆ ಕೂತು ನಗುವುದು, ಮರುದಿನ ಮತ್ತೆ ಬಂದು ಕೇಳುವುದು. ಇದನ್ನು ಯಾವ ಬಿ.ಇಡಿ. ಪಠ್ಯದಲ್ಲೂ ನಾನು ಓದಿರಲಿಲ್ಲ.

ಅಕ್ಕನ ಮಗಳು ಆಗ ನನ್ನ ಎಂಟನೆಯ ತರಗತಿಯಲ್ಲಿದ್ದಳು. ಇಲ್ಲೇ ಹುಟ್ಟಿದವಳು. ಕನ್ನಡ ಓದುತ್ತಿದ್ದಳು, ಬರೆಯುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ಒಂದು ದಿನ ಹಳಗನ್ನಡದ ಪಾಠ ಬಂತು. ಮಕ್ಕಳಿಗೆ ಹಳಗನ್ನಡವೆಂದರೆ ಕಬ್ಬಿಣದ ಕಡಲೆ. ಅಕ್ಕನ ಹಾಲಿನ ಕಥೆ ತಲೆಯಲ್ಲಿತ್ತು. ಬೋರ್ಡಿನ ಮೇಲೆ 'ಪಾಲ್', 'ಪುಲಿ', 'ಪೂ', 'ಪೆಸರ್' ಎಂದು ಬರೆದು, "ಇವು ಯಾರ ಮನೆಯಲ್ಲಿ ಇವೆ?" ಎಂದು ಕೇಳಿದೆ. ಕೊನೆಯ ಬೆಂಚಿನಿಂದ ಒಂದು ಕೈ ಮೇಲೆದ್ದಿತು. "ನಮ್ಮ ಮನೆಯಲ್ಲಿ ಇವೆ ಟೀಚರ್. ಪಾಲ್ ಅಂದರೆ ಹಾಲು, ಪುಲಿ ಹುಲಿ, ಪೂ ಹೂವು. ಪೆಸರ್ ಬಹುಶಃ ಪೇರ್." ತುಳು ಮಕ್ಕಳು ಬಿಡುತ್ತಾರೆಯೇ? "ನಮ್ಮಲ್ಲಿ ಪಿಲಿ!" "ನಮ್ಮಲ್ಲೂ ಪೂ!" "ಹೆಸರಿಗೆ ಪುದರ್!" ಎಂದು ಕೂಗಿದರು. ಅರ್ಧ ಗಂಟೆಯಲ್ಲಿ ಬೋರ್ಡು ತುಂಬಿತು. ಕನ್ನಡದಲ್ಲಿ ಪಕಾರ ಹಕಾರವಾದ ಕಥೆಯನ್ನು ನಾನು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ಆ ಪಕಾರ ನೆರೆಮನೆಗಳಲ್ಲಿ ಇನ್ನೂ ಜೀವಂತವಾಗಿದೆಯೆಂದು ಕಂಡದ್ದು ಅಂದೇ. ಗದಗಿನಿಂದ ಬಂದ ನನಗೆ ದೂರವಾಗಿದ್ದ ಹಳಗನ್ನಡ ಆ ಹುಡುಗಿಯ ಅಡುಗೆಮನೆಗೆ ಹತ್ತಿರವಿತ್ತು. ಅಂದಿನಿಂದ ಅವಳು ಮಾತಾಡತೊಡಗಿದಳು.

ಇಷ್ಟಾದರೂ ನಾನೊಂದು ತಪ್ಪು ಮಾಡಿದೆ. ಹೆತ್ತವರ ಸಭೆಯಲ್ಲಿ ಲೈನಿನ ತಾಯಂದಿರನ್ನೆಲ್ಲ ಉದ್ದೇಶಿಸಿ, "ಮಕ್ಕಳು ಮುಂದೆ ಬರಬೇಕಾದರೆ ಮನೆಯಲ್ಲೂ ಕನ್ನಡವನ್ನೇ ಮಾತಾಡಿ" ಎಂದು ಉಪದೇಶ ಕೊಟ್ಟೆ. ಎಲ್ಲರೂ ತಲೆಯಾಡಿಸಿದರು. ಸಂಜೆ ಬೋರ್‌ವೆಲ್ಲಿನ ಬಳಿ ಅಕ್ಕ ಕೊಡ ತುಂಬುವವರೆಗೂ ಸುಮ್ಮನಿದ್ದು, ಆಮೇಲೆ ಕೇಳಿದಳು: "ಮನೆಯಲ್ಲಿ ಅತ್ತೆ ಇದ್ದಾರೆ. ಅವರಿಗೆ ಬೇರೆ ಮಾತು ಬರುವುದಿಲ್ಲ. ಮಗಳು ಕನ್ನಡವೇ ಮಾತಾಡಿದರೆ ಅವರ ಜೊತೆ ಮಾತಾಡುವುದು ಯಾರು?"

ನನಗೆ ಉತ್ತರ ತೋಚಲಿಲ್ಲ. ಆ ದಿನಗಳಲ್ಲಿ ನಾನು ವಾರಕ್ಕೊಮ್ಮೆ ಪೇಟೆಗೆ ಹೋಗಿ ಎಸ್‌ಟಿಡಿ ಬೂತಿನಿಂದ ನಮ್ಮವ್ವನಿಗೆ ಫೋನು ಮಾಡುತ್ತಿದ್ದೆ. "ಯವ್ವಾ, ಹ್ಯಾಂಗದೀ?" ಎನ್ನುವ ಒಂದು ಮಾತಿಗಾಗಿ ಆರು ದಿನ ಕಾಯುತ್ತಿದ್ದೆ. ಆ ಮಾತನ್ನು ಇಲ್ಲಿನ 'ಎಂತ', 'ಉಂಟು'ಗಳಲ್ಲಿ ಆಡು ಎಂದು ಯಾರಾದರೂ ನನಗೆ ಹೇಳಿದ್ದರೆ? ಎಲ್ಲರಿಗೂ ಸಲ್ಲುವ ಭಾಷೆ ಬೀದಿಯಿಂದ ಜಗಲಿಯವರೆಗೆ ಬಂದರೆ ಸಾಕು. ಒಲೆಯ ಬಳಿಗೂ ಅದೇ ಬರಬೇಕೆನ್ನುವುದು ಅತಿಯಾಸೆ. ಮುಂದಿನ ಸಭೆಯಲ್ಲಿ ನನ್ನ ಮಾತನ್ನು ನಾನೇ ಹಿಂದಕ್ಕೆ ತೆಗೆದುಕೊಂಡೆ. ಹೆಡ್‌ಮಾಸ್ಟರು ನನ್ನನ್ನು ವಿಚಿತ್ರವಾಗಿ ನೋಡಿದರು.

ಸಾಕ್ಷರತಾ ಆಂದೋಲನದ ಕಾವು ಆಗಿನ್ನೂ ಆರಿರಲಿಲ್ಲ. ನಾನೂ ಲೈನಿನಲ್ಲಿ ರಾತ್ರಿ ತರಗತಿ ನಡೆಸಿದೆ. ಮೊದಲ ದಿನ ಅಕ್ಕನ ಕೈಗೆ ಸ್ಲೇಟು ಕೊಟ್ಟು, ಅವಳ ಕೈ ಹಿಡಿದು ತಿದ್ದಿಸಲು ಹೋದೆ. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡು, ಬಳಪ ತೆಗೆದುಕೊಂಡು, ತನ್ನ ಹೆಸರನ್ನು ತಮಿಳಿನಲ್ಲಿ ಮುತ್ತು ಪೋಣಿಸಿದಂತೆ ಬರೆದಳು. "ನನಗೆ ಅಕ್ಷರ ಗೊತ್ತು ಟೀಚರ್. ನಿಮ್ಮ ಅಕ್ಷರ ಗೊತ್ತಿಲ್ಲ, ಅಷ್ಟೆ" ಎಂದಳು. ತೋಟದ ಶಾಲೆಯಲ್ಲಿ ಐದನೆಯ ಇಯತ್ತೆಯವರೆಗೆ ಓದಿದ್ದಳಂತೆ. ನಮ್ಮ ಪಟ್ಟಿಯಲ್ಲಿ ಆಕೆ ನಿರಕ್ಷರಿ! ಆ ರಾತ್ರಿಯಿಂದ ಒಂದು ಕರಾರು ಮಾಡಿಕೊಂಡೆವು. ನಾನು ಅವಳಿಗೆ ಕನ್ನಡದ ಒಂದು ಅಕ್ಷರ ಕೊಟ್ಟರೆ ಅವಳು ನನಗೆ ತಮಿಳಿನದೊಂದು ಕೊಡಬೇಕು. ಅವಳು ಮೂರು ತಿಂಗಳಲ್ಲಿ ಕನ್ನಡದಲ್ಲಿ ಸಹಿ ಹಾಕಿದಳು. ನಾನು ಇಂದಿಗೂ ತಮಿಳು ಬಸ್ಸಿನ ಬೋರ್ಡನ್ನು ಬಸ್ಸು ಹೊರಟ ಮೇಲೆ ಓದಿ ಮುಗಿಸುತ್ತೇನೆ.

ಅಂಥ ಒಂದು ರಾತ್ರಿ ಅವಳು ತನ್ನ ಅಪ್ಪನ ಮಾತು ತೆಗೆದಳು. ಆ ದೇಶದಲ್ಲಿ 1956ರಲ್ಲಿ ಸಿಂಹಳವೊಂದೇ ಆಡಳಿತ ಭಾಷೆಯೆಂದು ಕಾಯ್ದೆಯಾಯಿತು. ಅಪ್ಪನಿಗೆ ಸರಕಾರದ ಕಾಗದ ಬಂದರೆ ಓದಲು ಬರುತ್ತಿರಲಿಲ್ಲ. ಪೇಟೆಯ ಅಂಗಡಿಯಲ್ಲಿದ್ದ ಒಬ್ಬ ಸಿಂಹಳ ಮುದುಕನ ಹತ್ತಿರ ಒಯ್ಯುತ್ತಿದ್ದನಂತೆ. ಆ ಮುದುಕ ಕನ್ನಡಕ ಏರಿಸಿ ಓದಿ, ಹರುಕು ಮುರುಕು ತಮಿಳಿನಲ್ಲಿ ಅರ್ಥ ಹೇಳಿ, ಕಾಸು ಕೊಡಹೋದರೆ ಬೇಡವೆನ್ನುತ್ತಿದ್ದನಂತೆ. ಬೇಲಿ ಹಾಕಿದ್ದು ಕಾಯ್ದೆ, ಅದರೊಳಗೆ ಒಂದು ಉಳ್ಳು ತೆಗೆದಿಟ್ಟವನು ಅಂಗಡಿಯ ಮುದುಕ. 1987ರ ಸಂವಿಧಾನ ತಿದ್ದುಪಡಿಯಲ್ಲಿ ತಮಿಳೂ ಅಲ್ಲಿ ಆಡಳಿತ ಭಾಷೆಯಾಯಿತು. ಅಷ್ಟು ಹೊತ್ತಿಗೆ ಇವರು ಇಲ್ಲಿ ರಬ್ಬರ್ ಹಾಲು ಹೊರುತ್ತಿದ್ದರು.

ಭಾಷೆ ಬಂದರೆ ಎಲ್ಲ ಬಂದಂತೆ ಎಂದು ಹೇಳಿ ಮುಗಿಸಿದರೆ ನಾನು ಸುಳ್ಳು ಹೇಳಿದಂತೆ. ಅಕ್ಕನ ಮಗಳು 1997ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ನಮ್ಮ ಶಾಲೆಗೇ ಹೆಚ್ಚು ಅಂಕ ತೆಗೆದಳು. ಮುಂದೆ ಹಾಸ್ಟೆಲ್ಲಿಗೂ ವಿದ್ಯಾರ್ಥಿವೇತನಕ್ಕೂ ಜಾತಿ ಪ್ರಮಾಣಪತ್ರ ಬೇಕಿತ್ತು. ಪರಿಶಿಷ್ಟ ಜಾತಿಗಳ ಪಟ್ಟಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹೊರಗಿನಿಂದ ಬಂದವರಿಗೆ ಅದು ದೊಡ್ಡ ತೊಡಕು. ಅವಳನ್ನು ಕರೆದುಕೊಂಡು ಒಂದು ಕಚೇರಿಗೆ ಹೋದೆ, ಯಾವುದೆಂದು ಬೇಡ. ಮೇಜಿನ ಆಚೆಗಿದ್ದವರು ಕಾಗದ ತಿರುವಿ, "ಇವರು ಇಲ್ಲಿಯವರಲ್ಲವಲ್ಲ" ಎಂದರು. ಹುಡುಗಿ ತಾನು ಹುಟ್ಟಿದ್ದು, ಓದಿದ್ದು, ಬೆಳೆದದ್ದು ಇದೇ ತಾಲ್ಲೂಕಿನಲ್ಲಿ ಎಂಬುದನ್ನು ಅಚ್ಚುಕಟ್ಟಾದ ಕನ್ನಡದಲ್ಲಿ ಹೇಳಿದಳು. ಅವರು ತಲೆಯೆತ್ತಿ ನೋಡಿ, "ಪರವಾಗಿಲ್ಲವೇ, ಕನ್ನಡ ಎಷ್ಟು ಚೆನ್ನಾಗಿ ಮಾತಾಡುತ್ತಾಳೆ!" ಎಂದು ನಕ್ಕು, ಕಾಗದವನ್ನು ಹಿಂದಕ್ಕೆ ಕೊಟ್ಟರು.

ಬಸ್ಸಿನಲ್ಲಿ ನಾವಿಬ್ಬರೂ ಮಾತಾಡಲಿಲ್ಲ. ಊರು ಹತ್ತಿರ ಬಂದಾಗ ಅವಳು, "ಟೀಚರ್, ಇನ್ನು ಯಾವ ಭಾಷೆಯಲ್ಲಿ ಕೇಳಬೇಕಿತ್ತು?" ಎಂದಳು. ಭಾಷೆ ಕಲಿಸಿದವಳಾದ ನಾನು ಆ ಪ್ರಶ್ನೆಗೆ ಇಂದಿಗೂ ತಲೆ ತಗ್ಗಿಸುತ್ತೇನೆ. ನೀರಿನ ಬಳಿ ಭಾಷೆ ಒಂದಾದರೆ ನೆರೆಹೊರೆಯವರಾಗುತ್ತೇವೆ, ನಿಜ. ಮೇಜಿನ ಆಚೆಗಿರುವವರು ಪಾಲು ಕೊಡುವುದು ಬೇರೆಯೇ ಮಾತು. ಕನ್ನಡ ಕಲಿಯಿರಿ, ನಮ್ಮವರಾಗುತ್ತೀರಿ ಎಂದು ಮಕ್ಕಳಿಗೆ ಹೇಳುವವರು ಆ ಮಾತಿನ ಉಳಿದರ್ಧವನ್ನೂ ನಡೆಸಿಕೊಡಬೇಕಲ್ಲವೇ? ಪತ್ರ ಆ ವರ್ಷ ಸಿಗಲಿಲ್ಲ. ಅಕ್ಕ ಕಿವಿಯ ಓಲೆ ಬಿಚ್ಚಿಕೊಟ್ಟಳು, ನಾವು ಅಧ್ಯಾಪಕರು ಕೈಲಾದಷ್ಟು ಹಾಕಿದೆವು. ಹುಡುಗಿ ಓದಿ ನರ್ಸ್ ಆದಳು. ಈಗ ಮಂಗಳೂರಿನಲ್ಲಿದ್ದಾಳೆ. ಕನ್ನಡ, ತುಳು, ತಮಿಳು, ಮಲಯಾಳ ನಾಲ್ಕರಲ್ಲೂ ರೋಗಿಗಳಿಗೆ ಗದರುತ್ತಾಳಂತೆ.

ನನಗೂ ಅಲ್ಲಿಂದ ವರ್ಗವಾಗಿ ಬಹಳ ಕಾಲವಾಯಿತು. ಕಳೆದ ವರ್ಷ ರಜೆಯಲ್ಲಿ ಅಕ್ಕನನ್ನು ನೋಡಲು ಹೋಗಿದ್ದೆ. ಎಪ್ಪತ್ತು ದಾಟಿದೆ, ಕೆಲಸದಿಂದ ನಿವೃತ್ತಳು, ಬೆನ್ನು ಬಾಗಿದೆ. ಮಾತಾಡುತ್ತಾ ಕುಳಿತಿದ್ದಾಗ ಪಕ್ಕದ ಬಾಡಿಗೆ ಮನೆಯಲ್ಲಿ ಕೂಸೊಂದು ಅಳುವುದು ಕೇಳಿಸಿತು. ಅಡಿಕೆ ತೋಟದ ಕೆಲಸಕ್ಕೆ ಜಾರ್ಖಂಡಿನಿಂದ ಬಂದವರಂತೆ, ಬಂದು ವಾರವಾಗಿಲ್ಲವಂತೆ. ಅಕ್ಕ ಎದ್ದು ಒಳಗೆ ಹೋಗಿ ಒಂದು ಲೋಟ ಹಾಲು ತಂದಳು. ಮೆಟ್ಟಿಲಲ್ಲಿ ನಿಂತು ನನ್ನ ಕಡೆ ತಿರುಗಿ, "ಹಾಲಿಗೆ ಹಿಂದಿಯಲ್ಲಿ ಏನೆನ್ನುತ್ತಾರೆ ಟೀಚರ್?" ಎಂದು ಕೇಳಿದಳು.

"ದೂಧ್" ಎಂದೆ.

"ದೂದ್, ದೂದ್" ಎಂದು ಎರಡು ಸಲ ಹೇಳಿಕೊಂಡು, ಲೋಟವನ್ನು ಸೆರಗಿನಲ್ಲಿ ಹಿಡಿದು, ನಿಧಾನವಾಗಿ ಆ ಬಾಗಿಲಿನ ಕಡೆಗೆ ಹೋದಳು.