ಪರೇಲಿನಲ್ಲೊಂದು ಹಸು

ಮುಂಬಯಿಯಲ್ಲಿ ಮನೆ ಮಾಡಿದವರಿಗೆ ಒಂದು ಕೆಲಸ ತಪ್ಪಿದ್ದಲ್ಲ, ನಿಮಗೂ ಗೊತ್ತಿರಬಹುದು. ಊರಿನಿಂದ ಯಾರಾದರೂ ದೊಡ್ಡ ಆಸ್ಪತ್ರೆಗೆ ಬಂದರೆ ಜೊತೆಗೆ ಹೋಗುವುದು. ನಮ್ಮ ಖೋಲಿ ಪರೇಲಿನಲ್ಲೇ ಇದ್ದುದರಿಂದ ನನಗೆ ಸ್ವಲ್ಪ ಹೆಚ್ಚೇ.

2006ರಲ್ಲಿ ಕುಂದಾಪುರದಿಂದ ಸೋದರಮಾವ ಬಂದರು. ಮೂಳೆಯ ಸ್ಕ್ಯಾನ್ ಆಗಬೇಕಿತ್ತು. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದವರು ಪರೇಲಿನಲ್ಲಿ 1963ರಲ್ಲೇ ರೇಡಿಯೇಷನ್ ಮೆಡಿಸಿನ್ ಸೆಂಟರ್ ಶುರುಮಾಡಿದ್ದರು. ಹಾಗಾಗಿ ನಮ್ಮ ಪೇಟೆಗೆ ಇದೆಲ್ಲ ಹಳೆಯ ಸಂಗತಿ. ಮಾವನಿಗೆ ಹೊಸತು. ಸೀಸದ ಕವಚದ ಸಿರಿಂಜಿನಲ್ಲಿ ಇಂಜೆಕ್ಷನ್ ಕೊಟ್ಟು, ನೀರು ಕುಡಿಯಿರಿ, ಮೂರು ಗಂಟೆ ಬಿಟ್ಟು ಬನ್ನಿ ಅಂದರು.

"ಎಂತ ಮದ್ದು ಅದು ಮಾಣಿ? ಅವರೇ ಹೆದರಿ ಹಿಡಿದ ಹಾಗಿತ್ತು!" (ನನಗಾಗ 41. ಆದರೂ ಮಾಣಿ!)

ಅದು ಟೆಕ್ನೀಷಿಯಮ್. ಅದು ಸಿಗುವ ಡಬ್ಬಿಗೆ ಲ್ಯಾಬಿನವರ ಭಾಷೆಯಲ್ಲಿ 'ಹಸು' ಅಂತಲೇ ಹೆಸರು. ಒಳಗೆ ಮಾಲಿಬ್ಡಿನಮ್ ಇರುತ್ತೆ, 66 ಗಂಟೆಗೆ ಅರ್ಧವಾಗುತ್ತಾ ಟೆಕ್ನೀಷಿಯಮ್ ಆಗುತ್ತೆ. ದಿನಾ ಉಪ್ಪುನೀರು ಹಾಯಿಸಿ ಅದನ್ನು 'ಕರೆಯುತ್ತಾರೆ'. ಅದೂ ಆರು ಗಂಟೆಗೆ ಅರ್ಧವಾಗುವುದರಿಂದ ಮರುದಿನಕ್ಕೆ ಉಳಿಯುವುದು ಹದಿನಾರರಲ್ಲಿ ಒಂದು ಪಾಲು.

"ಕರು ಬಿಡದೆ ಹಾಲು ಕೊಡುವ ದನವಾ?" ಅಂತ ಮಾವ ನಕ್ಕರು.

ಸಂಜೆವರೆಗೆ ಸಣ್ಣ ಮಕ್ಕಳನ್ನು ಎತ್ತಿಕೊಳ್ಳಬೇಡಿ ಅಂದಿದ್ದರು. ಮನೆಗೆ ಬಂದರೆ ಮೂರು ವರ್ಷದ ಮಗಳು "ಅಜ್ಜಾ" ಅಂತ ಓಡಿ ಬಂದಳು. ಮಾವ ಗ್ಯಾಲರಿಯ ತುದಿಗೆ ಹೋಗಿ ನಿಂತುಬಿಟ್ಟರು. ಅವಳು ಅತ್ತದ್ದೇ ಅತ್ತದ್ದು.

ರಾತ್ರಿ ಕೇಳಿದರು, "ಅದು ಎಲ್ಲಿ ಸಿಗುತ್ತೆ ಮಾಣಿ?"

"ನೆಲದಲ್ಲಿ ಇಲ್ಲವೆಂಬಷ್ಟು ಕಡಿಮೆ. ರಿಯಾಕ್ಟರಿನಿಂದಲೇ ಆಗಬೇಕು. 1937ರಲ್ಲಿ ಸಿಕ್ಕಿದ್ದು. ಹೆಸರಿನ ಅರ್ಥವೇ ಕೃತಕ ಅಂತ."

"ಹಾಗಾದರೆ ದೇವರು ಮಾಡಿದ್ದಲ್ಲ" ಅಂದು ಸುಮ್ಮನಾದರು. ಮೂಳೆಯಲ್ಲಿ ಏನೂ ಇರಲಿಲ್ಲ. ನಿಶ್ಚಿಂತೆಯಿಂದ ಊರಿಗೆ ಹೋದರು.

ಅವರು ತೀರಿಕೊಂಡದ್ದು 2011ರಲ್ಲಿ. ಆಮೇಲೆ ಒಂದು ಪುಸ್ತಕದಲ್ಲಿ ಓದಿದೆ. ಪ್ರತಿ ಪರಮಾಣುವೂ ಬೆಳಕಿನಲ್ಲಿ ತನ್ನದೇ ಗೆರೆಗಳ ಗುರುತು ಬಿಡುತ್ತೆ. ಲ್ಯಾಬಿನಲ್ಲಿ ಟೆಕ್ನೀಷಿಯಮ್ಮಿನ ಗೆರೆಗಳನ್ನು ಅಳೆದಿಟ್ಟಿದ್ದರು. 1952ರಲ್ಲಿ ಕ್ಯಾಲಿಫೋರ್ನಿಯಾದ ಖಗೋಳ ವಿಜ್ಞಾನಿ ಪಾಲ್ ಮೆರಿಲ್ ಕೆಲವು ಕೆಂಪು ನಕ್ಷತ್ರಗಳ ಬೆಳಕು ಪರೀಕ್ಷಿಸಿದಾಗ ಅವೇ ಗೆರೆಗಳು! ಅತಿ ಹೆಚ್ಚು ಬಾಳುವ ಟೆಕ್ನೀಷಿಯಮ್ ಕೂಡ ಸುಮಾರು 42 ಲಕ್ಷ ವರ್ಷಕ್ಕೆ ಅರ್ಧವಾಗುತ್ತೆ. ನಕ್ಷತ್ರಗಳ ವಯಸ್ಸು ಅದಕ್ಕಿಂತ ಎಷ್ಟೋ ಹೆಚ್ಚು. ಹುಟ್ಟುವಾಗ ಇದ್ದದ್ದು ಯಾವತ್ತೋ ಮುಗಿದಿರಬೇಕು. ಅಂದರೆ ನಕ್ಷತ್ರ ಅದನ್ನು ಒಳಗೇ ಬೇಯಿಸುತ್ತಿದೆ. ಮೂಲವಸ್ತುಗಳು ನಕ್ಷತ್ರಗಳಲ್ಲಿ ತಯಾರಾಗುತ್ತವೆ ಅನ್ನುವುದಕ್ಕೆ ಇದು ದೊಡ್ಡ ಸಾಕ್ಷಿಯಾಯಿತು. ಮಾವನ ಮೈಯಲ್ಲಿ ಗಾಮಾ ಕಿರಣ ಬಿಟ್ಟು ಉಳಿದದ್ದು ಟೆಕ್ನೀಷಿಯಮ್-99. ಆ ನಕ್ಷತ್ರಗಳು ಬೇಯಿಸುವುದೂ ಅದನ್ನೇ.

ಅಂದರೆ ಆ ರಾತ್ರಿ ನಾನು ಕೊಟ್ಟದ್ದು ಅರ್ಧ ಉತ್ತರ. ಮಾವನಿಗೆ ಉಳಿದರ್ಧ ಹೇಳಲಾಗಲಿಲ್ಲ. ಮೊನ್ನೆ ಮಗಳಿಗೆ ಹೇಳಿದೆ.

"ಓಹ್, ಅಜ್ಜ ಅವತ್ತು ನನ್ನನ್ನು ಎತ್ತಿಕೊಳ್ಳದ್ದು ಅದಕ್ಕಾ!" ಅಂದಳು.