ಮುಪ್ಪಿನ ಗಾಡಿಯ ದಿನಚರ್ಯೆ

ಗೃಹಸ್ಥನ ಮನೆಯಲ್ಲಿ ಹೊಸದಾಗಿ ಬಂದ ವಸ್ತುವಿಗೆ ಇರುವ ಆದರವು ಹಳೆಯದಾದ ವಸ್ತುವಿಗೆ ಇರುವದಿಲ್ಲ. ಹೊಸ ಎತ್ತಿಗೆ ಕೋಡಣಸು ತೊಡಿಸಿ ಸಂಭ್ರಮಿಸುವವರು ಮುದಿ ಎತ್ತಿನ ಗೊರಸನ್ನು ಬಗ್ಗಿ ನೋಡುವದಿಲ್ಲ. ಆದರೆ ಮನೆತನದ ಭಾರವನ್ನು ಹೊರುವದು ಬಹುತರವಾಗಿ ಆ ಹಳೆಯದೇ. ಡೀಸೆಲ್ ಎಣ್ಣೆಯಿಂದ ನಡೆಯುವ ಹಳೆಯ ಪಿಕಪ್ ಗಾಡಿಯೊಂದನ್ನು ನಂಬಿಗೆಗೆ ಯೋಗ್ಯವಾಗಿ ಉಳಿಸಿಕೊಳ್ಳುವ ಬಗೆಯನ್ನು ಕುರಿತು ವಾಚಕರೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇವೆ. ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸುತ್ತ ಆಯುಷ್ಯ ಕಳೆದ ಸಾಲಿಯ ಮಾಸ್ತರರಿಗೆ ಯಂತ್ರದ ಗೊಡವೆ ಏತಕ್ಕೆಂದು ಕೆಲವರು ಕೇಳಬಹುದು. ಸಂಸಾರದ ಪ್ರಶ್ನೆಯು ಯಂತ್ರದ ರೂಪದಿಂದ ಎದುರಿಗೆ ಬಂದು ನಿಂತಾಗ ಯಂತ್ರವನ್ನೂ ಓದಬೇಕಾಗುತ್ತದೆಂಬುದೇ ನಮ್ಮ ಉತ್ತರವು.

ನಮ್ಮದು ಬೈಲಹೊಂಗಲ ತಾಲೂಕಿನ ಒಂದು ಹಳ್ಳಿ. ನಮ್ಮ ತಮ್ಮನೂ ಅವನ ಮಗನೂ ಒಕ್ಕಲುತನವನ್ನು ನೋಡುತ್ತಾರೆ. ಮನೆಯ ಮುಂದಿನ ಗಾಡಿಯು 2011ರಲ್ಲಿ ನೋಂದಣಿಯಾದದ್ದು. ಮತ್ತೊಬ್ಬರ ಕೈಯಲ್ಲಿ ಕೆಲವು ವರ್ಷ ದುಡಿದು ನಮ್ಮಲ್ಲಿಗೆ ಬಂದಿತು. ಬೆಳಗಿನ ಜಾವ ಕಾಯಿಪಲ್ಲೆಯನ್ನು ಬೈಲಹೊಂಗಲದ ಪೇಟೆಗೆ ಮುಟ್ಟಿಸುವದು, ಸುಗ್ಗಿಯಲ್ಲಿ ಹತ್ತಿ ಗೋವಿನಜೋಳಗಳನ್ನು ಸಾಗಿಸುವದು, ಕಿತ್ತೂರಿನ ಕಡೆಗೂ ರಾಮದುರ್ಗದ ಕಡೆಗೂ ಬಾಡಿಗೆಯ ಮಾಲು ಒಯ್ಯುವದು, ಭಾರತ ಹುಣ್ಣಿಮೆಯ ಜಾತ್ರೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಅಂಗಡಿಕಾರರ ಸಾಮಾನು ಹೊರುವದು, ಇವೆಲ್ಲ ಅದರ ಉದ್ಯೋಗಗಳು.

ಹೋದ ವರ್ಷ ತಮ್ಮನ ಮಗನು ನಮ್ಮ ಮುಂದೆ ಬಂದು ಕುಳಿತು, "ದೊಡ್ಡಪ್ಪಾರ, ಈ ಗಾಡಿ ಇನ್ನ ಸಾಕ್ರಿ. ನಡುದಾರಿಯೊಳಗ ನಿಂತ್ರ ಮಾಲಿನ ಗತಿ ಏನ್ರಿ? ಹೊಲದ ಮ್ಯಾಲೆ ಸಾಲಾ ತಗೊಂಡು ಹೊಸಾದು ತರೂಣ್ರಿ" ಎಂದನು. ಬಾಗಿಲ ಮರೆಯಲ್ಲಿದ್ದ ಅವನ ತಾಯಿಯು, "ಭಾವಾರ, ಹೊಲದ ಉತಾರ ಮನೀ ಬಿಟ್ಟು ಹೋದ್ರ ನನಗಂತೂ ನಿದ್ದಿ ಬರೂದಿಲ್ರಿ" ಎಂದಳು. ಇಬ್ಬರ ಮಾತಿನಲ್ಲಿಯೂ ಸತ್ಯವಿತ್ತು. ಕೊಯ್ದ ಸೊಪ್ಪು ದಾರಿಯಲ್ಲಿ ಬಾಡಿದರೆ ನಷ್ಟವು. ನಾಲ್ಕು ಎಕರೆ ಎರೆಹೊಲವು ಸಾಲದ ಬಾಯಿಗೆ ಬಿದ್ದರೆ ಅದಕ್ಕೂ ಮಿಗಿಲಾದ ನಷ್ಟವು. ಆಗ ನಾವು ಒಂದು ವರ್ಷದ ಅವಧಿಯನ್ನು ಬೇಡಿಕೊಂಡೆವು. ಗಾಡಿಯನ್ನು ಕ್ರಮದಿಂದ ಸಾಕಬೇಕು, ಅದರ ಪ್ರತಿಯೊಂದು ಸಂಗತಿಯನ್ನೂ ವಹಿಯಲ್ಲಿ ಬರೆಯಬೇಕು, ವರ್ಷದ ಕೊನೆಗೆ ವಹಿಯೇ ತೀರ್ಪು ಹೇಳಬೇಕು, ಎಂದು ಗೊತ್ತಾಯಿತು.

ಸಾಕಬೇಕಾದರೆ ಮೊದಲು ಸ್ವಭಾವವನ್ನು ತಿಳಿಯಬೇಕು. ಪೆಟ್ರೋಲ್ ಯಂತ್ರದಲ್ಲಿ ವಿದ್ಯುತ್ತಿನ ಕಿಡಿಯು ಬೆಂಕಿ ಹೊತ್ತಿಸುತ್ತದೆ. ಡೀಸೆಲ್ ಯಂತ್ರದಲ್ಲಿ ಕಿಡಿಯೇ ಇಲ್ಲ. ಸಿಲಿಂಡರಿನೊಳಗೆ ಎಳೆದುಕೊಂಡ ಗಾಳಿಯನ್ನು ಅದರ ಗಾತ್ರದ ಸುಮಾರು ಹದಿನೆಂಟನೆಯ ಒಂದು ಪಾಲಿಗೆ ಒತ್ತಿದಾಗ ಅದು 500 ಡಿಗ್ರಿಗೂ ಮಿಕ್ಕಿ ಕಾಯುತ್ತದೆ. ಆ ಕಾದ ಗಾಳಿಯಲ್ಲಿ ಎಣ್ಣೆಯನ್ನು ಮಂಜಿನಂತೆ ಸಿಂಪಡಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬ ಯಂತ್ರಶಾಸ್ತ್ರಜ್ಞನು ಈ ಯುಕ್ತಿಗೆ 1893ರಲ್ಲಿ ಹಕ್ಕುಪತ್ರ ಪಡೆದು, 1897ರಲ್ಲಿ ಔಗ್ಸ್‌ಬರ್ಗ್ ಪಟ್ಟಣದಲ್ಲಿ ಅದನ್ನು ಸಫಲವಾಗಿ ನಡೆಸಿ ತೋರಿಸಿದನು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂಥ ಯಂತ್ರವೊಂದು ಶೇಂಗಾ ಎಣ್ಣೆಯಿಂದ ನಡೆಯಿತೆಂಬ ಸಂಗತಿಯು ನಮ್ಮ ಕಡೆಯ ಶೇಂಗಾ ಬೆಳೆಯುವವರಿಗೆ ಕೌತುಕವನ್ನುಂಟುಮಾಡದೆ ಇರದು. ಎಣ್ಣೆಯನ್ನು ಅಳೆದು ಒತ್ತಿ ಕೊಡುವ ಪಂಪನ್ನು ಬಾಷ್ ಕಂಪನಿಯವರು 1927ರಿಂದ ಹೆಚ್ಚಿನ ಸಂಖ್ಯೆಯಲ್ಲಿ ಮಾಡಹತ್ತಿದರು. 1951ರಲ್ಲಿ ಸ್ಥಾಪನೆಯಾದ ಮೈಕೋ ಕಂಪನಿಯ ಬೆಂಗಳೂರಿನ ಕಾರಖಾನೆಯಿಂದ ಅದು ನಮ್ಮ ನಾಡಿನ ಲಾರಿ ಟ್ರ್ಯಾಕ್ಟರುಗಳಿಗೆ ದೊರೆಯಿತು. ಆ ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದು ಬದಲಾದರೂ ಹಳೆಯ ಮೇಸ್ತ್ರಿಗಳ ಬಾಯಲ್ಲಿ ಅದು ಮೈಕೋ ಪಂಪೇ.

ಇದರಿಂದ ಒಂದು ತತ್ತ್ವವು ಹೊರಡುತ್ತದೆ. ಶುದ್ಧ ಗಾಳಿ, ಶುದ್ಧ ಡೀಸೆಲ್, ಶುದ್ಧ ಕೀಲೆಣ್ಣೆ, ತಣಿಸುವ ನೀರು, ಇವು ನಾಲ್ಕು ಸರಿಯಾಗಿ ದೊರೆತರೆ ಡೀಸೆಲ್ ಯಂತ್ರಕ್ಕೆ ಮುಪ್ಪು ಬಹಳ ತಡವಾಗಿ ಬರುತ್ತದೆ. ಪಂಪಿನೊಳಗಿನ ಕೊಂತಕ್ಕೂ ಅದರ ಗೂಡಿಗೂ ನಡುವಣ ಸಂದು ಕೂದಲೆಳೆಯ ಹತ್ತನೆಯ ಒಂದು ಪಾಲಿಗಿಂತ ಕಿರಿದು. ಅಲ್ಲಿ ಒಂದು ಹನಿ ನೀರು, ಒಂದು ಚಿಟಿಕೆ ಧೂಳು ಹೊಕ್ಕರೆ ಸಾವಿರಾರು ರೂಪಾಯಿಗಳ ವಸ್ತುವು ಕೆಡುತ್ತದೆ. ಅದನ್ನು ತಡೆಯುವ ಜಾಳಿಗೆಯ ಬೆಲೆಯೋ ಕೆಲವು ನೂರು ರೂಪಾಯಿಗಳು. ದೊಡ್ಡದನ್ನು ಸಣ್ಣದು ಕಾಯುತ್ತದೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ಬೇಕಿಲ್ಲ.

ವಾಗ್ಭಟನು ತನ್ನ ಅಷ್ಟಾಂಗಹೃದಯದ ಆರಂಭದಲ್ಲಿಯೇ ದಿನಚರ್ಯೆ, ಋತುಚರ್ಯೆ ಎಂಬ ಎರಡು ಅಧ್ಯಾಯಗಳನ್ನಿಟ್ಟಿದ್ದಾನೆ. ರೋಗಗಳ ನಿದಾನವೂ ಚಿಕಿತ್ಸೆಯೂ ಆಮೇಲೆ ಬರುತ್ತವೆ. ಗಾಡಿಗೂ ಇದೇ ಕ್ರಮವು ಹಿತವೆಂದು ನಮಗೆ ತೋರಿತು.

ದಿನಚರ್ಯೆಗೆ ಐದು ನಿಮಿಷ ಸಾಕು. ಬೆಳಿಗ್ಗೆ ಗಾಡಿಯನ್ನು ಚಾಲೂ ಮಾಡುವ ಮುನ್ನ ನೆಲವನ್ನು ನೋಡಬೇಕು. ರಾತ್ರಿ ಏನಾದರೂ ಸೋರಿದ್ದರೆ ಮಣ್ಣಿನ ಮೇಲಿನ ಕಲೆಯು ಹೇಳುತ್ತದೆ. ಅಳತೆಯ ಕಡ್ಡಿಯನ್ನು ಎಳೆದು ಎಂಜಿನ್ ಎಣ್ಣೆಯನ್ನು ನೋಡಬೇಕು. ಡೀಸೆಲ್ ಯಂತ್ರದ ಎಣ್ಣೆಯು ಕಪ್ಪಾಗುವದು ಸಹಜವು. ಮಜ್ಜಿಗೆಯಂತೆ ಬಿಳುಪಾದರೆ ಒಳಗೆ ನೀರು ಸೇರಿತೆಂದೂ, ತೆಳ್ಳಗಾಗಿ ಮಟ್ಟವು ಏರಿದರೆ ಡೀಸೆಲ್ ಸೇರಿತೆಂದೂ ತಿಳಿಯಬೇಕು. ರೇಡಿಯೇಟರಿನ ನೀರನ್ನು ತಣ್ಣಗಿರುವಾಗಲೇ ನೋಡಬೇಕು. ಕಾದಾಗ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೆ ಹಾರುತ್ತದೆ. ಫ್ಯಾನಿನ ಬೆಲ್ಟನ್ನು ಬೆರಳಿನಿಂದ ಒತ್ತಿ ನೋಡಬೇಕು. ಕೊನೆಗೆ ಗಾಲಿಗಳ ಗಾಳಿ, ದೀಪಗಳು, ಬ್ರೇಕಿನ ಪೆಡಲು.

ಋತುಚರ್ಯೆಯು ನಮ್ಮ ಸೀಮೆಯ ನೆಲವನ್ನು ಬಲ್ಲವರಿಗೆ ತಾನಾಗಿ ಹೊಳೆಯುತ್ತದೆ. ಬೇಸಿಗೆಯಲ್ಲಿ ಬೈಲಹೊಂಗಲ ಸವದತ್ತಿಗಳ ಎರೆಮಣ್ಣಿನ ದಾರಿಗಳು ಹಿಟ್ಟಿನಂತಹ ಧೂಳನ್ನು ಎಬ್ಬಿಸುತ್ತವೆ. ಆಗ ಗಾಳಿಯ ಜಾಳಿಗೆಯನ್ನು ವಾರಕ್ಕೊಮ್ಮೆ ತೆಗೆದು ನೋಡಬೇಕು. ಅದು ಕಟ್ಟಿಕೊಂಡರೆ ಯಂತ್ರಕ್ಕೆ ಉಸಿರು ಸಾಲದೆ ಕರಿಹೊಗೆ ಬಿಡುತ್ತದೆ. ಹರಿದಿದ್ದರೆ ಧೂಳು ಒಳಗೆ ಹೋಗಿ ಸಿಲಿಂಡರನ್ನು ಸಾಣೆಯಂತೆ ಸವೆಯಿಸುತ್ತದೆ. ರೇಡಿಯೇಟರಿಗೆ ಕೊಳವೆಬಾವಿಯ ಗಡಸು ನೀರನ್ನು ಹಾಕಲಾಗದು. ಹಂಡೆಯ ತಳದಲ್ಲಿ ಕಟ್ಟುವ ಬಿಳಿಯ ಹಕ್ಕಳೆಯು ಅಲ್ಲಿಯೂ ಕಟ್ಟಿ ಸಣ್ಣ ನಳಿಗೆಗಳನ್ನು ಮುಚ್ಚುತ್ತದೆ. ಕೂಲಂಟ್ ಎಂಬ ದ್ರವವನ್ನು ಶುದ್ಧಜಲದೊಡನೆ ಬೆರೆಸಿ ಹಾಕುವದೇ ಯೋಗ್ಯವು.

ಮಳೆಗಾಲದಲ್ಲಿ, ವಿಶೇಷವಾಗಿ ಮಳೆಯು ಹೆಚ್ಚಾಗಿರುವ ಕಿತ್ತೂರಿನ ಪಡುವಣ ಭಾಗದಲ್ಲಿ, ಶತ್ರುವು ನೀರು. ಟಾಕಿಯು ಅರ್ಧ ಖಾಲಿಯಿದ್ದರೆ ಒಳಗಿನ ಗಾಳಿಯ ತೇವವೇ ಹನಿಗಟ್ಟಿ ಡೀಸೆಲಿನ ತಳಕ್ಕೆ ಇಳಿಯುತ್ತದೆ. ಆದಕಾರಣ ರಾತ್ರಿ ಟಾಕಿಯನ್ನು ತುಂಬಿಸಿಡುವದೂ, ಡೀಸೆಲ್ ಫಿಲ್ಟರಿನ ಕೆಳಗಿನ ತಿರುಪನ್ನು ಸಡಿಲಿಸಿ ನಿಂತ ನೀರನ್ನು ಬಸಿಯುವದೂ ಒಳ್ಳೆಯದು. 2019ರ ಅಗಸ್ಟ ತಿಂಗಳಲ್ಲಿ ಮಲಪ್ರಭೆಯು ಉಕ್ಕಿ ರಾಮದುರ್ಗ ತಾಲೂಕಿನ ಊರುಗಳೊಳಗೆ ನುಗ್ಗಿದುದನ್ನು ಈ ಭಾಗದ ಜನರು ಮರೆತಿಲ್ಲ. ಅಂಥ ನೀರಿನಲ್ಲಿ ಮುಳುಗಿದ ಗಾಡಿಯನ್ನು ಚಾಲೂ ಮಾಡಿ ನೋಡುವ ಆತುರವು ಸಲ್ಲದು. ಗಾಳಿಯಂತೆ ನೀರು ಒತ್ತಿಕೊಳ್ಳುವದಿಲ್ಲ. ಸಿಲಿಂಡರಿನಲ್ಲಿ ನೀರು ನಿಂತಿದ್ದರೆ ಉಕ್ಕಿನ ದಂಡವೇ ಬಾಗುತ್ತದೆ. ಗಾಡಿಯನ್ನು ಎಳೆಯಿಸಿಕೊಂಡು ಮೇಸ್ತ್ರಿಯಲ್ಲಿಗೆ ಒಯ್ಯುವದೇ ಮಾರ್ಗವು.

ಸುಗ್ಗಿಯ ಕಾಲದ ಶತ್ರುವು ನಮ್ಮ ಆಸೆ. ನೋಂದಣಿ ಪತ್ರದಲ್ಲಿ ಬರೆದ ತೂಕಕ್ಕಿಂತ ಹೆಚ್ಚಿಗೆ ಹೇರಿದರೆ ಸ್ಪ್ರಿಂಗಿನ ಪಾಟಾ ಮುರಿಯುತ್ತದೆ, ಚಾಸಿಯು ಬಿರಿಯುತ್ತದೆ, ಕ್ಲಚ್ ಸುಡುತ್ತದೆ. ಎಲ್ಲಮ್ಮನ ಗುಡ್ಡದಿಂದ ಇಳಿಯುವಾಗ ಡೀಸೆಲ್ ಉಳಿಸುವ ನೆವದಿಂದ ಗೇರು ತೆಗೆದು ಗಾಡಿಯನ್ನು ಜಾರಬಿಡುವವರುಂಟು. ಇದು ಪ್ರಾಣಕ್ಕೆ ಎರವಾದ ಉಳಿತಾಯವು. ಏರುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು ಇರಬೇಕು. ಆಗ ಯಂತ್ರವೇ ಗಾಡಿಯನ್ನು ಹಿಡಿಯುತ್ತದೆ, ಬ್ರೇಕು ಕಾದು ಸೋಲುವದಿಲ್ಲ. ಯಂತ್ರವನ್ನು ನಿಲ್ಲಿಸಿ ಇಳಿದರಂತೂ ಬ್ರೇಕಿಗೆ ಬಲ ಕೊಡುವ ಪಂಪೂ ನಿಂತು, ಪೆಡಲು ಕಲ್ಲಿನಂತಾಗುತ್ತದೆ.

ಬೈಲಹೊಂಗಲದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಗಾಡಿ ದುರಸ್ತಿಯ ಕೆಲಸ ಮಾಡುತ್ತಾನೆ. ಸಾಲಿಯಲ್ಲಿದ್ದಾಗ ವಿಭಕ್ತಿಗಳು ಅವನಿಗೆ ಒಲಿದಿರಲಿಲ್ಲ. ಈಗ ಯಂತ್ರದ ಸದ್ದಿನಲ್ಲಿ ಅವನಿಗೆ ತಿಳಿಯದ ಸ್ವರವಿಲ್ಲ. ವೈದ್ಯನು ನಾಡಿ ಹಿಡಿಯುವಂತೆ ಅವನು ಹೊಗೆಯನ್ನು ನೋಡುತ್ತಾನೆ. ಕರಿಹೊಗೆಯಾದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ನೀಲಿಹೊಗೆಯಾದರೆ ಎಂಜಿನ್ ಎಣ್ಣೆಯು ಸುಡುತ್ತಿದೆ. ಯಂತ್ರವು ಕಾದ ಮೇಲೂ ಬಿಳಿಹೊಗೆ ನಿಲ್ಲದಿದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಇಲ್ಲವೆ ನೀರು ಒಳಗೆ ಇಳಿಯುತ್ತಿದೆ. ಅವನು ಒಮ್ಮೆ ಹೇಳಿದ ಮಾತನ್ನು ವಹಿಯ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇವೆ: "ಗುರುಗಳ, ಗಾಡಿ ಸುಮ್ಮನ ಕೆಡೂದಿಲ್ರಿ. ಮೊದಲ ಹೇಳತೈತಿ, ಆಮ್ಯಾಲೆ ನಿಂದರತೈತಿ. ಹೇಳಿದಾಗ ಕೇಳವರು ಕಡಿಮಿ ಅದಾರ್ರಿ."

ಈ ಮಾತಿನ ಸತ್ಯವನ್ನು ವಹಿಯು ತೋರಿಸಿಕೊಟ್ಟಿತು. ಅದನ್ನು ಬರೆಯುವ ಕೆಲಸವನ್ನು ಹೈಸ್ಕೂಲಿಗೆ ಹೋಗುವ ತಮ್ಮನ ಮಗಳು ವಹಿಸಿಕೊಂಡಳು. ತಾರೀಖು, ಓಡಿದ ಕಿಲೋಮೀಟರು, ಹಾಕಿದ ಡೀಸೆಲ್, ಸೇರಿಸಿದ ಎಣ್ಣೆ, ಸೇರಿಸಿದ ನೀರು, ಕೇಳಿದ ಹೊಸ ಸದ್ದು, ಇವಿಷ್ಟೇ ಅಂಕಣಗಳು. ಸಂಕ್ರಾಂತಿ ಕಳೆದ ಮೇಲೆ ಮೂರು ವಾರ ಎಡೆಬಿಡದೆ ಸ್ವಲ್ಪಸ್ವಲ್ಪ ನೀರು ಸೇರಿಸಿದ್ದನ್ನು ಆ ಹುಡುಗಿಯೇ ಗುರುತಿಸಿ, "ದೊಡ್ಡಪ್ಪಾರ, ಮೊದಲ ಇಷ್ಟ ನೀರ ಹಿಡೀತಿದ್ದಿಲ್ರಿ" ಎಂದಳು. ನೋಡಿದರೆ ನೀರಿನ ಪಂಪು ಹನಿಹನಿಯಾಗಿ ಒಸರುತ್ತಿತ್ತು. ಜಾತ್ರೆಯ ಮುನ್ನ ಅದನ್ನು ಬದಲಿಸಲಾಯಿತು. ಇಲ್ಲವಾದರೆ ಗುಡ್ಡದ ಏರಿನಲ್ಲಿ ಯಂತ್ರವು ಕಾದು, ಸಿಲಿಂಡರಿನ ಮೇಲ್ಭಾಗವೇ ಸೊಟ್ಟಗಾಗಬಹುದಾಗಿತ್ತು. ಶ್ರಾವಣದಲ್ಲಿ ಗಾಡಿಯು ಮುಂಜಾನೆ ತಡವಾಗಿ ಚಾಲೂ ಆಗಹತ್ತಿದ್ದನ್ನು ವಹಿಯು ಹೇಳಿತು. ಫಿಲ್ಟರನ್ನು ಬಸಿದಾಗ ಅರ್ಧ ಲೋಟ ನೀರು ಬಂದಿತು. ಮೂರನೆಯ ಸಂಗತಿಯು ಮಾತ್ರ ಹೇಳದೆ ಬಂದಿತು. ಯರಗಟ್ಟಿ ದಾಟಿ ರಾಮದುರ್ಗಕ್ಕೆ ಹೋಗುವ ದಾರಿಯಲ್ಲಿ ಡೀಸೆಲ್ ಹರಿಯುವ ರಬ್ಬರ್ ನಳಿಗೆಯೊಂದು ಸೀಳಿ ಗಾಡಿಯು ನಿಂತಿತು. ಪೆಟ್ಟಿಗೆಯಲ್ಲಿ ಬೆಲ್ಟು, ನಳಿಗೆ, ಕ್ಲಿಪ್ಪು, ಫಿಲ್ಟರು, ಒಂದು ಕ್ಯಾನು ನೀರು ಇಟ್ಟಿರಬೇಕೆಂಬ ನಿಯಮವಿದ್ದುದರಿಂದ ಹುಡುಗನು ತಾನೇ ನಳಿಗೆಯನ್ನು ಬದಲಿಸಿ, ತಿರುಪು ಸಡಿಲಿಸಿ, ಕೈಪಂಪಿನಿಂದ ಒತ್ತಿ ಒಳಹೊಕ್ಕ ಗಾಳಿಯನ್ನು ಹೊರಹಾಕಿ, ಒಂದು ತಾಸಿನಲ್ಲಿ ಹೊರಟನು. ಕಂಪ್ಯೂಟರಿನಿಂದ ನಡೆಯುವ ಹೊಸ ಗಾಡಿಗಳಲ್ಲಿ ಎಷ್ಟೋ ದೋಷಗಳನ್ನು ದಾರಿಯ ಬದಿಯಲ್ಲಿ ಹೀಗೆ ಕೈಯಿಂದ ತಿದ್ದಲು ಬರುವದಿಲ್ಲ.

ವರ್ಷದ ಕೊನೆಗೆ ಲೆಕ್ಕ ಕೂಡಿಸಿದೆವು. ಎಂಜಿನ್ ಎಣ್ಣೆ, ಫಿಲ್ಟರು, ನೀರಿನ ಪಂಪು, ಬ್ರೇಕಿನ ಕೆಲಸ, ಎರಡು ಟಾಯರು, ಮೇಸ್ತ್ರಿಯ ಕೂಲಿ, ಎಲ್ಲ ಸೇರಿ ಹೊಸ ಗಾಡಿಯ ಸಾಲಕ್ಕೆ ಕಟ್ಟಬೇಕಾಗಿದ್ದ ನಾಲ್ಕು ತಿಂಗಳ ಕಂತಿಗಿಂತ ಕಡಿಮೆಯಾಯಿತು. ತಮ್ಮನ ಮಗನು ವಹಿಯನ್ನು ಎರಡು ಸಲ ತಿರುವಿ ನೋಡಿ, "ಇನ್ನೊಂದ ವರ್ಷ ಇರಲಿ ಬಿಡ್ರಿ" ಎಂದನು. ಉತಾರವು ಪೆಟ್ಟಿಗೆಯಲ್ಲಿಯೇ ಉಳಿಯಿತು.

ಆದರೆ ಹಳೆಯದೆಲ್ಲ ಒಳ್ಳೆಯದೆಂದು ನಮ್ಮ ವಾದವಲ್ಲ. 2020ರ ಎಪ್ರಿಲ್ 1ರಿಂದ ದೇಶದಲ್ಲಿ ಮಾರಾಟವಾಗುವ ಹೊಸ ಗಾಡಿಗಳು ಭಾರತ್ ಸ್ಟೇಜ್ ಆರರ ನಿಯಮಕ್ಕೆ ಒಳಪಟ್ಟಿದ್ದು, ಅವುಗಳ ಹೊಗೆಯು ಹಳೆಯವುಗಳ ಹೊಗೆಗಿಂತ ಬಹಳ ಶುದ್ಧವಾಗಿದೆ. ಹಳೆಯದನ್ನು ಇಟ್ಟುಕೊಂಡವನು ಕರಿಹೊಗೆಯನ್ನು ಊರಿನ ಮಕ್ಕಳ ಎದೆಗೆ ಬಿಡದಂತೆ ನೋಡಿಕೊಳ್ಳುವದು ಅವನ ಧರ್ಮವು. ಇನ್ನು ಯಾವ ದಿನ ಚಾಸಿಯಲ್ಲಿ ಬಿರುಕು ಕಾಣುವದೋ, ತುಕ್ಕು ಕಬ್ಬಿಣವನ್ನು ತಿಂದು ತೂತು ಮಾಡುವದೋ, ಸ್ಟಿಯರಿಂಗೂ ಬ್ರೇಕೂ ದುರಸ್ತಿಯಾದ ಮೇಲೆಯೂ ಸಂಶಯವನ್ನು ಉಳಿಸುವವೋ, ಆ ದಿನ ಮೋಹವನ್ನು ಬಿಡಬೇಕು. ಯಂತ್ರವು ಕೆಟ್ಟರೆ ಮಾಲು ನಿಲ್ಲುತ್ತದೆ. ಇವು ಕೆಟ್ಟರೆ ಮನುಷ್ಯನು ಹೋಗುತ್ತಾನೆ. ಆ ಗೆರೆಯನ್ನು ವಹಿಯ ಕೊನೆಯ ಪುಟದಲ್ಲಿ ಈಗಲೇ ಬರೆದಿಟ್ಟು ಮನೆಯವರೆಲ್ಲರೂ ಓದಿದ್ದೇವೆ. ಗಾಡಿಯನ್ನು ಮಾರುವ ಕಾಲ ಬಂದರೆ ವಹಿಯನ್ನೂ ಕೊಂಡವರ ಕೈಗೆ ಕೊಡತಕ್ಕದ್ದೆಂದೂ ಅದರಲ್ಲಿದೆ.

ನಂಬಿಗೆಯು ವಯಸ್ಸಿನಿಂದ ಬರುವದೂ ಅಲ್ಲ, ಹೋಗುವದೂ ಅಲ್ಲ, ಪರಿಚಯದಿಂದ ಬರುತ್ತದೆ. ಯಾವ ಗಾಡಿಯು ಹೇಳಿ ಕೆಡುವದೋ, ಯಾವ ಮನೆಯವರು ಅದರ ಮಾತನ್ನು ಕೇಳಿ ಬರೆದಿಡುವರೋ, ಅಲ್ಲಿ ಹಳೆಯದೂ ನಂಬಿಗೆಗೆ ಯೋಗ್ಯವು. ಹೇಳದೆ ಕೆಡುವ ಸಂಗತಿಗಳೇ ವಹಿಯಲ್ಲಿ ಹೆಚ್ಚಾದರೆ ಬೀಳ್ಕೊಡುವ ಕಾಲ ಬಂದಿತೆಂದು ತಿಳಿಯಬೇಕು. ಮನೆಯಲ್ಲಿ ಹಳೆಯ ಗಾಡಿಯಿರುವ ವಾಚಕರು ನೂರು ಪುಟದ ಒಂದು ವಹಿಯನ್ನು ಇಂದೇ ತರಿಸಿ, ಅಕ್ಷರ ಬಲ್ಲ ಒಂದು ಮಗುವಿನ ಕೈಗೆ ಕೊಡಲಿ. ಒಂದು ವರ್ಷದ ಬರವಣಿಗೆಯಿಂದ ಸಾಲವನ್ನು ಮಾಡಬೇಕೋ ಬೇಡವೋ ಎಂಬುದು ಅವರಿಗೆ ತಾನಾಗಿ ತಿಳಿದುಬರುವದು.