ಒಂದು ಐರಿಷ್ ಕಾದಂಬರಿ

ಉಪಾಧ್ಯಾಯವೃತ್ತಿಯಿಂದ ನಿವೃತ್ತನಾದಮೇಲೆ ಐರ್ಲೆಂಡ್ ದೇಶದ ಈಚಿನ ಕಾದಂಬರಿಗಳನ್ನು ಓದಿ, ಅವುಗಳ ವಿಷಯವಾಗಿ ನಾಲ್ಕು ಮಾತು ಬರೆಯುವುದು ನನಗೆ ಅಭ್ಯಾಸವಾಗಿದೆ. ಪಾಠಶಾಲೆಯಲ್ಲಿ ಕಾವ್ಯಪ್ರಕಾಶವನ್ನು ಓದಿದವನಿಗೆ ಈ ಉದ್ಯೋಗವೇಕೆಂದು ಮಿತ್ರರು ಕೇಳುವುದುಂಟು. ಧ್ವನಿಯು ಯಾವ ಭಾಷೆಯಲ್ಲಿದ್ದರೂ ಧ್ವನಿಯೇ ಅಲ್ಲವೆ?

ಆನಾ ಬರ್ನ್ಸ್ ಎಂಬಾಕೆಯ ‘ಮಿಲ್ಕ್‌ಮನ್’ (೨೦೧೮) ಬಹುಮಟ್ಟಿಗೆ ಪಾತ್ರಗಳಿಗೆ ಹೆಸರನ್ನೇ ಇಡದು. ಪಾಲ್ ಲಿಂಚರ ‘ಪ್ರಾಫೆಟ್ ಸಾಂಗ್’ (೨೦೨೩) ಎಲ್ಲಿಯೂ ಪ್ಯಾರಾ ಒಡೆಯದೆ ಓದುವವರ ಉಸಿರು ಕಟ್ಟಿಸುವುದು. ಎರಡಕ್ಕೂ ಬುಕರ್ ಬಹುಮಾನ ಬಂದಿತು. ಎರಡೂ ಕಸುವುಳ್ಳ ಗ್ರಂಥಗಳೇ. ಆದರೆ ನಾನು ಮರಳಿ ಮರಳಿ ಕೈಗೆತ್ತಿಕೊಂಡುದು ಕ್ಲೇರ್ ಕೀಗನ್ ಬರೆದ ‘ಸ್ಮಾಲ್ ಥಿಂಗ್ಸ್ ಲೈಕ್ ದೀಸ್’ (೨೦೨೧) ಎಂಬ ಕಿರುಹೊತ್ತಗೆಯನ್ನು.

ಕಾಲ ೧೯೮೫ರ ಕ್ರಿಸ್‌ಮಸ್. ಸ್ಥಳ ನ್ಯೂ ರಾಸ್ ಪಟ್ಟಣ. ಕಲ್ಲಿದ್ದಲು ಸೌದೆಗಳ ವ್ಯಾಪಾರಿ ಬಿಲ್ ಫರ್ಲಾಂಗನು ಐವರು ಹೆಣ್ಣುಮಕ್ಕಳ ತಂದೆ. ಕ್ರೈಸ್ತ ಸಂನ್ಯಾಸಿನಿಯರ ಮಠಕ್ಕೆ ಇದ್ದಲು ಹಾಕಲು ಹೋದವನಿಗೆ, ಇದ್ದಲಿನ ಕೊಟ್ಟಿಗೆಯಲ್ಲಿ ಕೂಡಿಹಾಕಿದ್ದ ಹುಡುಗಿಯೊಬ್ಬಳು ಕಾಣುವಳು. ಮಠದ ಹಿರಿಯಳು ಅವನನ್ನು ಒಳಗೆ ಕರೆದು, ಚಹಾ ಕೊಡಿಸಿ, ಹಣವಿಟ್ಟ ಲಕೋಟೆಯೊಂದನ್ನು ಕೈಗೀಯುವಳು. ಊರಿನ ಹೆಣ್ಣುಮಕ್ಕಳ ಒಳ್ಳೆಯ ಶಾಲೆಯೂ ಆ ಸಂನ್ಯಾಸಿನಿಯರದೇ. ಲಕೋಟೆಯ ಅರ್ಥವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ವ್ಯಂಗ್ಯಾರ್ಥಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ವಿದ್ಯಾರ್ಥಿದೆಸೆಯಲ್ಲಿ ದೊರೆತಿರಲಿಲ್ಲ.

ಇದರ ಬೇರು ಕೇವಲ ಕಲ್ಪನೆಯಲ್ಲಿಲ್ಲ. ಮ್ಯಾಗ್ಡಲೀನ್ ಲಾಂಡ್ರಿಗಳೆಂಬ ಮಠದ ಬಟ್ಟೆ ಒಗೆಯುವ ಮನೆಗಳಲ್ಲಿ ೧೯೨೨ರಿಂದೀಚೆಗೆ ಸುಮಾರು ೧೦,೦೦೦ ಮಂದಿ ಹೆಂಗಸರು ಕೂಲಿಯಿಲ್ಲದೆ ದುಡಿದರು. ಕಡೆಯದು ಮುಚ್ಚಿದ್ದು ೧೯೯೬ರಲ್ಲಿ. ಸರಕಾರವು ಕ್ಷಮೆ ಬೇಡಿದ್ದು ೨೦೧೩ರಲ್ಲಿ. ಕೀಗನ್ ಈ ಲೆಕ್ಕವನ್ನು ಕಥೆಯೊಳಗೆ ತುರುಕುವುದಿಲ್ಲ. ನಮ್ಮ ಕಾದಂಬರಿಕಾರರು ಗಮನಿಸತಕ್ಕ ಸಂಯಮ ಇದು.

ಫರ್ಲಾಂಗನ ತಾಯಿ ಮದುವೆಯಿಲ್ಲದೆ ಗರ್ಭಿಣಿಯಾದ ಮನೆಗೆಲಸದ ಹುಡುಗಿ. ಮನೆಯೊಡತಿಯಾದ ವಿಧವೆ ಅವಳನ್ನು ಹೊರಗೆ ಹಾಕಲಿಲ್ಲ. ಆದಕಾರಣ ಇವನು ಮನುಷ್ಯನಾದನು. ಋಣವೆಂಬ ಮಾತನ್ನು ಗ್ರಂಥವು ಎತ್ತದಿದ್ದರೂ, ಅವನು ಆ ಬರಿಗಾಲಿನ ಹುಡುಗಿಯನ್ನು ಕರೆದುಕೊಂಡು, ಊರವರು ನೋಡುತ್ತಿರುವಂತೆಯೇ ಬೀದಿಯಲ್ಲಿ ನಡೆದು ಬರುವಾಗ ನನಗೆ ಕೇಳಿಸಿದುದು ಅದೇ. ಮನೆಯೊಳಗೆ ಏನಾಗುವುದೆಂದು ಹೇಳದೆ ಕಥೆ ನಿಲ್ಲುವುದು. ಅದನ್ನು ಊಹಿಸಿ ಬರೆಯುವುದು ವಿಮರ್ಶಕನ ಕೆಲಸವಲ್ಲ.

ನಾನು ಬರೆದ ವಿಮರ್ಶೆಯನ್ನು ಮನೆಯಲ್ಲಿ ಓದಿ ಹೇಳಿದೆನು. “ಎಲ್ಲಾ ಸರಿ. ಆ ಐದು ಮಕ್ಕಳನ್ನ ಅವನು ಒಂದು ಮಾತು ಕೇಳಿದನೇನು? ನಾಳೆ ಶಾಲೆಯ ಬಾಗಿಲು ಹಾಕೋದು ಅವರಿಗಲ್ಲವೆ?” ಎಂದರು ನಮ್ಮ ಮನೆಯವರು. ಫರ್ಲಾಂಗನು ಮಾಡಿದುದು ಧರ್ಮವೆಂಬ ನನ್ನ ಅಭಿಪ್ರಾಯ ಸಡಿಲಲಿಲ್ಲ. ಆದರೂ ಅವರ ಪ್ರಶ್ನೆಯನ್ನು, ಅವರದೆಂದೇ ಹೇಳಿ, ವಿಮರ್ಶೆಯ ಕೊನೆಗೆ ಸೇರಿಸಿರುವೆನು.